ಕೊನೆಯ ಗದ್ದೆಯ ನೀರು

ಅವರು ಯಾರ ಜೊತೆ ಮಾತಿಗೆ ನಿಂತರೂ ಮೊದಲು ಆ ಮನುಷ್ಯರ ಮಣಿಕಟ್ಟು ಹಿಡಿಯುತ್ತಿದ್ದರು. ರೋಗಿಗಳದ್ದಷ್ಟೇ ಅಲ್ಲ, ತರಕಾರಿಯವಳು, ಅಂಚೆಯವನು, ಔಷಧದ ಪೆಟ್ಟಿಗೆ ಇಳಿಸಲು ಬಂದ ಹಮಾಲಿ, ಯಾರದಾದರೂ ಸರಿ. ಮಾತು ಅದರ ಪಾಡಿಗೆ ನಡೆಯುತ್ತಿತ್ತು, ಮೂರು ಬೆರಳು ನಾಡಿಯ ಮೇಲೆ ಇರುತ್ತಿದ್ದವು. ಒಮ್ಮೆ ಹೊನ್ನಾಳಿಯ ಬಸ್ಸಿನಲ್ಲಿ ಟಿಕೆಟ್ ಕೊಡಲು ಕೈ ಚಾಚಿದ ಕಂಡಕ್ಟರನ ಕೈಯನ್ನೇ ಹಿಡಿದುಕೊಂಡು, "ಏನ್ರೀ, ಇಷ್ಟು ಜ್ವರ ಇಟ್ಕೊಂಡು ಸೀಟಿ ಊದಾಕೆ ಬಂದೀರಲ್ಲ, ಮನೇಲಿ ಹೇಳೋರು ಕೇಳೋರು ಇಲ್ವಾ?" ಎಂದರಂತೆ. "ಕೈ ಬಿಡ್ರಮ್ಮಾ, ಜನ ನೋಡ್ತಾರೆ" ಎಂದು ಆತ ನಾಚಿದನಂತೆ. ಪೂರ್ತಿ ಒಂದು ನಿಮಿಷ ಎಣಿಸದೆ ಅವರು ಬಿಟ್ಟಿರಲಾರರು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದನ್ನು ನಾನು ಕಾಲೇಜಿನಲ್ಲಿ ಕಲಿತು ಬಂದಿದ್ದೆ. ಅದನ್ನು ಅವರು "ಅವಸರದೋರ ನಾಡಿ" ಎನ್ನುತ್ತಿದ್ದರು.

ಬಸ್ಸಿನ ಕಥೆಯನ್ನು ನನಗೆ ಹೇಳಿದ್ದು ನಮ್ಮ ವಾರ್ಡಿನ ಆಯಾ ತಿಪ್ಪಮ್ಮ. ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಅಭ್ಯಾಸ ಅವರಿಗೆ ಇರಲಿಲ್ಲ. ಆಸ್ಪತ್ರೆಯ ಗುಂಪು ಫೋಟೊ ತೆಗೆಯುವಾಗಲೂ ಎತ್ತರದ ಕಾಂಪೌಂಡರ್ ಹಿಂದೆ ಹೋಗಿ ನಿಲ್ಲುತ್ತಿದ್ದರು. ಹೆಸರು ಅಚ್ಚಾದರೆ ಖಂಡಿತ ಬೈಯುತ್ತಾರೆ, ಹಾಗಾಗಿ ಬರೆಯುವುದಿಲ್ಲ. ನನಗೆ ಅವರು ಸಿಸ್ಟರ್, ಊರವರಿಗೆ ದೊಡ್ಡ ನರ್ಸಮ್ಮ. ಹೋದ ತಿಂಗಳು ನಿವೃತ್ತರಾದರು.

ನಾನು ಅವರ ಕೈಕೆಳಗೆ ಎರಡು ವರ್ಷ ಕೆಲಸ ಮಾಡಿದೆ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಜಗಳೂರು ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ. ಹದಿನಾರು ಮಂಚ, ಒಬ್ಬರು ಡಾಕ್ಟರು, ಹಿಂಭಾಗದಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕದಲ್ಲಿ ರೋಗಿಗಳ ಕಡೆಯವರು ಅಡುಗೆ ಮಾಡಿಕೊಳ್ಳುವ ಮೂರು ಕಲ್ಲಿನ ಒಲೆಗಳು. ನನ್ನ ಊರು ಚನ್ನಗಿರಿ, ತಂದೆ ಅಡಿಕೆ ವ್ಯಾಪಾರಿ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಓದಿ ನರ್ಸಿಂಗ್ ಪದವಿ ಪಡೆದು ಬಂದಿದ್ದೆ. ಮನೆಯಲ್ಲಿ ಯಾರಿಗೂ ಅದು ಇಷ್ಟವಿರಲಿಲ್ಲ. "ಕಂಡೋರ ಮೈ ಮುಟ್ಟೋ ಕೆಲಸ" ಎಂದು ಅಜ್ಜಿ ಕೊನೆಯವರೆಗೂ ಕೊರಗಿದರು. ಅಜ್ಜಿಯ ಮುಂದೆ ಒಪ್ಪಿಕೊಳ್ಳದಿದ್ದರೂ ಮುಟ್ಟುವುದು ನನಗೂ ಸುಲಭವಾಗಿರಲಿಲ್ಲ. ರೋಗಿಯ ತೋಳಿಗೆ ಪಟ್ಟಿ ಸುತ್ತಿ, ಬಿ.ಪಿ. ಯಂತ್ರದ ಪಾದರಸ ಎಲ್ಲಿ ನಿಲ್ಲುತ್ತದೆಂದು ನೋಡುವುದು ನನಗೆ ಹಿತವಾಗಿತ್ತು. ಅಂಕಿಗೆ ಬೆವರು ಇರುವುದಿಲ್ಲ.

ಸೇರಿದ ವಾರದಲ್ಲೇ ಅವರು ಕೇಳಿದ್ದರು. "ಡಿಗ್ರಿಯಮ್ಮಾ, ಶಾಕ್ ಅಂದ್ರೆ ಏನು?"

ದೇಹದಲ್ಲಿ ಸುತ್ತುವ ರಕ್ತ ಸಾಲದೆ ಬಂದು ಅಂಗಾಂಗಗಳಿಗೆ ಆಮ್ಲಜನಕ ಮುಟ್ಟದ ಸ್ಥಿತಿ ಎಂದು, ಪುಸ್ತಕದಲ್ಲಿದ್ದ ಹಾಗೆಯೇ, ಮೂರು ಹಂತಗಳ ಸಹಿತ ಒಪ್ಪಿಸಿದೆ. ಅವರು ಕೊನೆಯವರೆಗೂ ಕೇಳಿ, "ಚೆನ್ನಾಗೈತೆ" ಎಂದರು. "ಈಗ ಹೇಳು, ಅದು ಕೈಗೆ ಹೆಂಗೆ ಗೊತ್ತಾಗ್ತದೆ?"

ನಾನು ಮತ್ತೆ ಮೊದಲ ಹಂತದಿಂದ ಹೇಳತೊಡಗಿದೆ. ತಿಪ್ಪಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಂದಿನಿಂದ ಆ ಆಸ್ಪತ್ರೆಯಲ್ಲಿ ನನ್ನ ಹೆಸರು ಡಿಗ್ರಿಯಮ್ಮ ಎಂದೇ ಆಯಿತು.

ಉತ್ತರ ಸಿಕ್ಕಿದ್ದು ಒಂದು ಮಧ್ಯಾಹ್ನ ಊಟದ ಹೊತ್ತಿಗೆ. ಸಿಸ್ಟರ್ ರೊಟ್ಟಿ ಮುರಿಯುತ್ತ ತಮ್ಮ ತಂದೆಯ ಸುದ್ದಿ ಎತ್ತಿದರು. ಆ ಎರಡು ವರ್ಷದಲ್ಲಿ ಅವರು ತಂದೆಯ ಬಗ್ಗೆ ಮಾತನಾಡಿದ್ದು ಅದೊಂದೇ ಸಲ ಎಂದು ನೆನಪು. ತಂದೆ ಉಬ್ರಾಣಿ ಕಡೆಯ ಒಂದು ಹಳ್ಳಿಯಲ್ಲಿ ನೀರುಗಂಟಿಯಾಗಿದ್ದವರು. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವರ ಮನೆತನದ ಕೆಲಸ. ಮಗಳು ಗುದ್ದಲಿ ಹೊತ್ತು ತಂದೆಯ ಹಿಂದೆ ಕಾಲುವೆಯ ಏರಿ ಮೇಲೆ ಓಡಾಡಿ ಬೆಳೆದವರು.

"ಕೆರೆಯಾಗೆ ನೀರು ಕಮ್ಮಿ ಆದ ವರ್ಷ ನಮ್ಮಪ್ಪ ಏನ್ ಮಾಡ್ತಿದ್ದ ಗೊತ್ತಾ? ಮೊದಲು ತುದೀಲಿರೋ ಗದ್ದೆಗಳ ಮಡೆ, ಅಂದ್ರೆ ನೀರು ಒಳಗೆ ಬರೋ ಬಾಯಿ, ಮಣ್ಣಾಕಿ ಕಟ್ಟೋನು. ಆಮೇಲೆ ನಡುವಿನವು. ಊರು ಕುಡಿಯೋ ಬಾವಿ ಹತ್ರ ಹೋಗೋ ಕಾಲುವೆ ಮಾತ್ರ ಕಟ್ಟುತಿರಲಿಲ್ಲ. ತುದಿ ಗದ್ದೆಯೋರು ಬಂದು ಕಂಡಾಪಟ್ಟೆ ಬೈಯೋರು. ಅಪ್ಪ ತಲೆ ಬಗ್ಗಿಸಿ ಬೈಸ್ಕೊಳ್ಳೋನು, ಮಡೆ ಬಿಚ್ಚುತಿರಲಿಲ್ಲ. ಮೈಯೊಳಗೂ ಅಂಥೋನು ಒಬ್ಬ ಅದಾನೆ. ರಕ್ತ ಕಮ್ಮಿ ಆತು ಅನ್ನು, ಮೊದಲು ಚರ್ಮದ ಮಡೆ ಕಟ್ತಾನೆ. ಅದಕ್ಕೇ ಕೈಕಾಲು ತಣ್ಣಗಾಗೋದು, ಮುಖ ಬಿಳಿಚಿಕೊಳ್ಳೋದು. ಆಮೇಲೆ ಕರುಳು. ಆಮೇಲೆ ಮೂತ್ರಪಿಂಡ. ಹೃದಯ, ಮೆದುಳು, ಇವೆರಡು ಊರ ಬಾವಿ. ಇವನ್ನ ಕೊನೇತನಕ ಕಾಯ್ತಾನೆ."

"ಮತ್ತೆ ಬೆವರು?" ಎಂದೆ. ಚರ್ಮಕ್ಕೆ ರಕ್ತವೇ ಹೋಗದಿದ್ದಾಗ ಬೆವರು ಏಕೆ ಎಂಬುದು ಕಾಲೇಜಿನಲ್ಲೂ ನನಗಿದ್ದ ಅನುಮಾನ.

"ಏರಿ ಮೇಲೆ ಓಡಾಡೋನಿಗೆ ಬೆವರು ಬರಲ್ವಾ?"

ನಾನು ನಗದೆ, ಅಡ್ರಿನಲಿನ್ ಮತ್ತು ಸಿಂಪಥೆಟಿಕ್ ನರಗಳ ವಿಷಯ ಹೇಳಿದೆ. ರಕ್ತನಾಳ ಬಿಗಿಯುವುದೂ, ಹೃದಯ ಓಡುವುದೂ, ಬೆವರಿನ ಗ್ರಂಥಿ ತೆರೆಯುವುದೂ ಆ ಒಂದೇ ಆಜ್ಞೆಯಿಂದ ಎಂದೆ. ಅವರು ಆಸಕ್ತಿಯಿಂದ ಕೇಳಿಸಿಕೊಂಡು, "ಹ್ಞೂಂ, ಅವನೇ" ಎಂದರು. ತಮಗೆ ಗುರುತಿದ್ದ ಮನುಷ್ಯನಿಗೆ ಇನ್ನೊಂದು ಹೆಸರೂ ಉಂಟೆಂದು ತಿಳಿದ ಹಾಗೆ.

"ಆದ್ರೆ ಒಂದು ನೆಪ್ಪಿಟ್ಕೋ. ಅವನು ಜಾಣ. ಅವನ ಜಾಣತನನೇ ನಮಗೆ ಮೋಸ ಮಾಡೋದು. ಅಷ್ಟೂ ಮಡೆ ಕಟ್ಟಿರ್ತಾನಲ್ಲ, ಊರ ಕಾಲುವೆಯಾಗೆ ನೀರು ತುಂಬಿ ಹರೀತಿರ್ತದೆ. ಅದನ್ನ ನೋಡಿ ಕೆರೆ ತುಂಬೈತೆ ಅಂತ ಅನ್ಕೋಬಾರದು. ನಿನ್ನ ಬಿ.ಪಿ. ಮಿಷನ್ನು ನೋಡೋದು ಊರ ಕಾಲುವೇನ ಮಾತ್ರ. ಕೆರೆ ನೋಡಾಕೆ ತುದಿ ಗದ್ದೆಗೆ ಹೋಗಬೇಕು."

ತುದಿ ಗದ್ದೆ ಎಂದರೆ ಅವರಿಗೆ ಕಾಲಿನ ಹೆಬ್ಬೆರಳು. ಬೆಳಿಗ್ಗೆ ವಾರ್ಡಿಗೆ ಬಂದರೆ ರೋಗಿಯ ಮುಖ ನೋಡುವ ಮೊದಲು ಹೊದಿಕೆ ಸರಿಸಿ ಹೆಬ್ಬೆರಳು ಮುಟ್ಟುತ್ತಿದ್ದರು. ಉಗುರು ಒತ್ತಿ ಬಿಟ್ಟು, ಬಿಳಿಚಿದ ಜಾಗಕ್ಕೆ ಕೆಂಪು ಮರಳುವವರೆಗೆ ಬಾಯಲ್ಲೇ ಎಣಿಸುತ್ತಿದ್ದರು. ಎರಡರೊಳಗೆ ಬಂದರೆ ಮುಂದಿನ ಮಂಚ. ನಾಡಿ ಕಾರಣವಿಲ್ಲದೆ ಓಡುತ್ತಿದ್ದರೆ ಅವರ ಪ್ರಶ್ನೆ ಯಾವಾಗಲೂ ಒಂದೇ: "ಎಲ್ಲಿ ಸೋರ್ತಾ ಐತೆ?" ಸೋರುವುದು ಕೆಂಪಗೇ ಇರಬೇಕೆಂದಿಲ್ಲ ಎಂದೂ ಹೇಳುತ್ತಿದ್ದರು. ನ್ಯಾಮತಿಯಲ್ಲಿದ್ದಾಗ ವಾಂತಿಭೇದಿಯ ಮಗುವೊಂದರ ತಣ್ಣನೆಯ ಪಾದ ಹಿಡಿದು ಒಂದಿಡೀ ಹಗಲು ಕೂತಿದ್ದರಂತೆ. ಆ ಮಗು ಉಳಿಯಲಿಲ್ಲ. ಅಷ್ಟು ಹೇಳಿ ರೊಟ್ಟಿಯ ಡಬ್ಬಿ ಮುಚ್ಚಿದ್ದರು.

ಅವರಿಗೆ ಸಿಟ್ಟು ಬೇಗ ಬರುತ್ತಿತ್ತು. ಯಾರನ್ನೂ ಎದುರಿಗೆ ಹೊಗಳುತ್ತಿರಲಿಲ್ಲ. ಹೊಸಬರು ಬಂದರೆ "ನೀವು ಯಾವ ಪೈಕಿ ಸಿಸ್ಟರೇ?" ಎಂದು ಕೇಳುವುದು ನಮ್ಮ ಕಡೆ ಮಾಮೂಲು. ಔಷಧದ ಲೋಟ ಹಿಡಿದು ನಿಂತ ಅವರ ಕೈಯನ್ನು ನೋಡುತ್ತ ಹಾಗೆ ಕೇಳಿದವರಿಗೆ, "ನೀರುಗಂಟಿ ಪೈಕಿ. ನಮ್ಮಪ್ಪ ಬಿಟ್ಟ ನೀರಿನಾಗೆ ಬೆಳೆದ ಅನ್ನ ಎಲ್ಲಾ ಪೈಕಿಯೋರೂ ಉಂಡಾರೆ. ಕುಡೀರಿ" ಎನ್ನುತ್ತಿದ್ದರು. ಕುಡಿಯುತ್ತಿದ್ದರು. ಕುಡಿಯದೆ ಹೋದವರನ್ನೂ ನಾನು ನೋಡಿದ್ದೇನೆ. ಆಗ ಲೋಟವನ್ನು ನನ್ನ ಕೈಗೆ ಕೊಟ್ಟು ಮುಂದಿನ ಮಂಚಕ್ಕೆ ನಡೆಯುತ್ತಿದ್ದರು.

ಈಗ ಓಬಮ್ಮನ ವಿಷಯಕ್ಕೆ ಬರಬೇಕು. ಇಷ್ಟು ಬರೆದದ್ದೂ ಅದನ್ನು ಮುಂದೂಡಲಿಕ್ಕೇ ಇರಬಹುದು.

ಓಬಮ್ಮ ಬಿಳಿಚೋಡಿನ ಸೊಸೆ, ಇಪ್ಪತ್ತೆರಡು ವರ್ಷ, ಎರಡನೆಯ ಹೆರಿಗೆ. ಬೆಳಿಗ್ಗೆ ಏಳಕ್ಕೆ ಗಂಡು ಮಗು ಸುಸೂತ್ರವಾಗಿ ಆಯಿತು. ಕಸ, ಅಂದರೆ ಮಾಸು, ಪೂರ್ತಿ ಬಿದ್ದಿದೆ ಎಂದು ಸಿಸ್ಟರೇ ನೋಡಿ, ಎಂಟೂವರೆಯ ಬಸ್ಸಿಗೆ ಔಷಧ ತರಲು ಜಗಳೂರಿಗೆ ಹೋದರು. ಡಾಕ್ಟರು ಹೊರರೋಗಿಗಳ ಕೋಣೆಯಲ್ಲಿದ್ದರು. ವಾರ್ಡು ನನ್ನದು.

ಒಂಬತ್ತು ಗಂಟೆಯವರೆಗೆ ಎಲ್ಲವೂ ಸರಿಯಿತ್ತು. ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಎರಡು ಸಲ ನೋಡಿದೆ. ಆಮೇಲೆ ಡ್ರೆಸ್ಸಿಂಗಿನವರು ಸಾಲುಗಟ್ಟಿದರು. ಹತ್ತು ಗಂಟೆಗೆ ಮತ್ತೆ ಹೋದಾಗ ಬಿ.ಪಿ. ನೂರಾ ಹತ್ತು, ಎಪ್ಪತ್ತು. ನಾಡಿ ನೂರಾ ಹದಿನಾರು. ಹೆರಿಗೆಯ ದಣಿವು ಎಂದುಕೊಂಡೆ. ಕೆಳಗೆ ಹಾಸಿದ್ದ ಬಟ್ಟೆ ಒಣಗಿತ್ತು. ಓಬಮ್ಮ ನೀರು ಕೇಳಿದಳು. ಹೊದಿಕೆಯನ್ನು ಕಿತ್ತು ಹಾಕುತ್ತಿದ್ದಳು.

"ಕಿಟಕಿ ತೆಗೀರಿ ಅಕ್ಕಾ, ಉಸಿರು ಸಾಲವಲ್ದು."

"ಸುಮ್ನೆ ಮಲಕ್ಕಳೇ" ಎಂದರು ಪಕ್ಕದಲ್ಲಿ ಕೂತಿದ್ದ ಅವಳ ಅತ್ತೆ, ಅರವತ್ತು ದಾಟಿದ ಗಟ್ಟಿ ಹೆಂಗಸು. "ನಾನು ಆರು ಹೆತ್ತೀನಿ, ಒಂದಿನನಾದ್ರೂ ಕಿಟಕಿ ಕೇಳೀನಾ? ಪಾದ ಮಂಜುಗಡ್ಡೆ ಆಗೈತೆ, ಇವಳಿಗೆ ಗಾಳಿ ಬೇಕಂತೆ!" ಅವರು ಹಿತ್ತಲಿನ ಒಲೆಯಲ್ಲಿ ಎರಡು ಇಟ್ಟಿಗೆ ಕಾಯಿಸಿ, ಬಟ್ಟೆಯಲ್ಲಿ ಸುತ್ತಿ ತಂದು, ಸೊಸೆಯ ಪಾದಕ್ಕೆ ಒತ್ತಿ ಇಟ್ಟಿದ್ದರು. ಒಳ್ಳೆಯ ಅತ್ತೆ ಎಂದುಕೊಂಡೆ. ಈಗಲೂ ಅದು ನಿಜವೆಂದೇ ನನ್ನ ಅಭಿಪ್ರಾಯ.

ಹತ್ತೂವರೆಗೆ ಬಿ.ಪಿ. ನೂರಾ ಎಂಟು, ಎಪ್ಪತ್ತಾರು. ಕೆಳಗಿನ ಅಂಕಿ ಏರಿದ್ದು ಕಂಡು ಸಮಾಧಾನವಾಯಿತು. ನಾಳಗಳು ಬಿಗಿದುಕೊಂಡಾಗ ಅದು ಏರುತ್ತದೆಂದು ಓದಿದ್ದೆ. ಓದಿದ್ದು ಕಣ್ಣೆದುರಿಗೆ ಬಂದಾಗ ಗುರುತು ಸಿಗಲಿಲ್ಲ. ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ ಗುಣಿಸಿದೆ: ನೂರಾ ಇಪ್ಪತ್ತೆಂಟು. ರೋಗಿಯ ಹಾಳೆಯಲ್ಲಿ "ಸ್ಥಿತಿ ತೃಪ್ತಿಕರ" ಎಂದು ಬರೆದು ಸಹಿ ಮಾಡಿದೆ.

ಹನ್ನೊಂದಕ್ಕೆ ಸಿಸ್ಟರ್ ಬಂದರು. ಕಂಕುಳಲ್ಲಿ ಇನ್ನೂ ಚೀಲವಿತ್ತು. ಓಬಮ್ಮನ ಮಂಚದ ಬಳಿ ನಿಂತು ಇಟ್ಟಿಗೆ ಸರಿಸಿ ಹೆಬ್ಬೆರಳು ಒತ್ತಿದರು. ಐದರವರೆಗೆ ಎಣಿಸಿದ್ದು ನನಗೆ ಕೇಳಿಸಿತು. ಬೆರಳ ಬೆನ್ನಿನಿಂದ ಅವಳ ಮೂಗಿನ ತುದಿ ಮುಟ್ಟಿದರು.

"ಎಷ್ಟು?"

"ಬಿ.ಪಿ. ನಾರ್ಮಲ್ ಸಿಸ್ಟರ್. ನೂರಾ ಎಂಟು, ಎಪ್ಪತ್ತಾರು."

"ನಾಡಿ?"

"ನೂರಾ ಇಪ್ಪತ್ತೆಂಟು."

"ಎಲ್ಲಿ ಸೋರ್ತಾ ಐತೆ?"

"ಎಲ್ಲೂ ಇಲ್ಲ. ಬಟ್ಟೆ ಒಣಗಿದೆ, ನಾನೇ ನೋಡಿದೆ."

ಅವರು ನನ್ನ ಕಡೆ ತಿರುಗಲಿಲ್ಲ. ಅತ್ತೆಯ ಕಡೆ ತಿರುಗಿದರು. "ಅಜ್ಜೀ, ಮೊದಲಿನ ಬಟ್ಟೆ ಎಲ್ಲಿ?"

ಅತ್ತೆ ಸೆರಗು ಎಳೆದುಕೊಂಡು ಬಾಗಿಲ ಕಡೆ ನೋಡಿದರು. ಅಲ್ಲಿ ಓಬಮ್ಮನ ಗಂಡ, ಅಣ್ಣ ನಿಂತಿದ್ದರು. "ಗಂಡಸರು ನಿಂತಾರೆ. ಅದನ್ನೆಲ್ಲಾ ಕೇಳ್ತಾರೇನ್ರಿ?"

"ನಾನು ಕೇಳ್ತೀನಿ. ಎಲ್ಲಿ?"

ಬಾಣಂತಿಯ ಮೈಲಿಗೆಯ ಬಟ್ಟೆ ಗಂಡಸರ ಕಣ್ಣಿಗೆ ಬೀಳಬಾರದು, ನಾಯಿ ಮೂಸಬಾರದು. ಬಿದ್ದರೆ ಮಗುವಿಗೆ ಕೇಡು. ಅದಕ್ಕೇ ಅತ್ತೆ, ಒದ್ದೆಯಾದ ಪ್ರತಿ ಬಟ್ಟೆಯನ್ನು ಕೂಡಲೇ ತೆಗೆದು, ಮನೆಯಿಂದ ತಂದ ಒಗೆದ ಬಟ್ಟೆ ಹಾಸಿ, ತೆಗೆದದ್ದನ್ನು ಒಗೆಯುವ ಕಲ್ಲಿನ ಹಿಂದೆ ಬಿದಿರಿನ ಪುಟ್ಟಿಯಲ್ಲಿ ಕಂಬಳಿ ಮುಚ್ಚಿ ಇಟ್ಟಿದ್ದರು. ನಾನು ಪ್ರತಿ ಸಲ ನೋಡಿದ್ದು ಹೊಸ ಬಟ್ಟೆಯನ್ನು.

ಸಿಸ್ಟರ್ ಪುಟ್ಟಿಯನ್ನು ಒಂದು ಕೈಯಲ್ಲಿ ಎತ್ತಲು ಹೋದರು. ಆಗಲಿಲ್ಲ. ಎರಡೂ ಕೈಯಲ್ಲಿ ಎತ್ತಿ ತಂದು ವಾರ್ಡಿನ ಮಧ್ಯೆ ಇಟ್ಟರು. ಕಂಬಳಿ ಸರಿದದ್ದೇ ಓಬಮ್ಮನ ಗಂಡ ಬಾಗಿಲಿಗೆ ಒರಗಿದ್ದವನು ಹಾಗೇ ಕೆಳಗೆ ಕುಸಿದ. ಸಿಸ್ಟರ್ ದಾಟಿ ಹೋಗುವಾಗ ಬಗ್ಗಿ ಅವನ ಮಣಿಕಟ್ಟು ಹಿಡಿದರು. "ನಿಧಾನಕ್ಕೆ ಹೊಡಕೊಳ್ತಾ ಐತೆ. ಇದು ಸೋರಿಕೆ ಅಲ್ಲ, ಹೆದರಿಕೆ. ಕಾಲು ಎತ್ತರ ಮಾಡಿ ಮಲಗಿಸ್ರಿ, ಎದ್ದು ಕೂರ್ತಾನೆ."

ಆಮೇಲಿನದು ಬೇಗ ನಡೆಯಿತು. ಹೊಟ್ಟೆ ಮುಟ್ಟಿದರೆ ಗರ್ಭಕೋಶ ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ಸಿಸ್ಟರ್ ಅದನ್ನು ತಿಕ್ಕುತ್ತ ನಿಂತರು. ಡಾಕ್ಟರು ಓಡಿ ಬಂದರು, ಗರ್ಭಕೋಶ ಬಿಗಿಯುವ ಇಂಜೆಕ್ಷನ್ ಕೊಟ್ಟರು. ನಾನು ಎರಡೂ ತೋಳಿಗೆ ಸಲೈನ್ ಹಾಕಬೇಕಿತ್ತು. ರಕ್ತನಾಳ ಸಿಗಲಿಲ್ಲ, ಚರ್ಮದ ಮಡೆಗಳೆಲ್ಲ ಕಟ್ಟಿದ್ದವು. ಮೂರನೆಯ ಚುಚ್ಚಿಗೆ ಸಿಕ್ಕಿತು. ಅಷ್ಟರಲ್ಲಿ ಬಿ.ಪಿ. ಎಪ್ಪತ್ತಕ್ಕೆ ಬಿದ್ದಿತ್ತು. ಗಂಟೆಗಟ್ಟಲೆ ಹಿಡಿದು ನಿಂತದ್ದು ಕೆಲವೇ ನಿಮಿಷಗಳಲ್ಲಿ ಕೈಬಿಟ್ಟಿತ್ತು. ಗಟ್ಟಿಮುಟ್ಟಾದ ಹರೆಯದ ದೇಹ ಹೀಗೆಯೇ ಮಾಡುತ್ತದೆ: ತಾಳುವಷ್ಟು ಹೊತ್ತು ಏನೂ ಆಗಿಲ್ಲವೆಂಬಂತೆ ತಾಳಿ, ಆಮೇಲೆ ಒಮ್ಮೆಗೇ.

ಅತ್ತೆ ಇನ್ನೂ ಎರಡು ಇಟ್ಟಿಗೆ ಕಾಯಿಸಿ ತಂದರು. ಸಿಸ್ಟರ್ ನಾಲ್ಕನ್ನೂ ಪಾದದಿಂದ ತೆಗೆದು, ಮಂಚದ ಕಾಲ್ದೆಸೆ ಎತ್ತಿ, ಅಲ್ಲಿನ ಎರಡು ಕಾಲುಗಳಡಿ ಎರಡೆರಡು ಇಟ್ಟರು.

"ಅಯ್ಯೋ, ತಣ್ಣಗೈತಲ್ರೀ ನನ್ನ ಕೂಸು!"

"ಗೊತ್ತು ಕಣವ್ವಾ. ಇರೋ ಚೂರು ರಕ್ತನ ಅವಳ ಮೈ ಎದೆಗೆ, ತಲೆಗೆ ಕಾದಿಟ್ಕೊಂಡೈತೆ. ನೀನು ಪಾದ ಕಾಯಿಸಿದ್ರೆ ಅದು ಪಾದಕ್ಕೆ ಇಳೀತದೆ. ಕಂಬಳಿ ಹೊದಿಸು, ಸಾಕು. ಬೆಂಕಿ ಬ್ಯಾಡ." ನೀರಿಗೆ ಹಂಬಲಿಸುತ್ತಿದ್ದ ಓಬಮ್ಮನಿಗೆ, ಡಾಕ್ಟರು ಆಪರೇಷನ್ನಿಗೆ ಒಳಗೆ ಕರೆದೊಯ್ಯಬೇಕಾಗಿ ಬರಬಹುದೆಂದು, ತುಟಿಯನ್ನಷ್ಟೇ ಒದ್ದೆ ಮಾಡಿದರು.

ಅಣ್ಣ ರಕ್ತ ಕೊಡಲು ಸಿದ್ಧನಾದ. ಓಬಮ್ಮನ ರಕ್ತದ ಮಾದರಿ ಹಿಡಿದು ಅವನು ದಾವಣಗೆರೆಗೆ ಜೀಪಿನಲ್ಲಿ ಹೊರಟಾಗ ಅತ್ತೆ ಹಿಂದೆಯೇ ಓಡಿದರು. "ನಂದೂ ತಗಳ್ರಿ. ಈ ಮುದುಕಿ ಮೈಯಾಗೆ ಬೇಕಾದಷ್ಟೈತೆ. ನಾನೇ ಬಚ್ಚಿಟ್ಟೆ, ನಾನೇ ಕೊಡ್ತೀನಿ." ಜೀಪು ಹೊರಟುಹೋಯಿತು. ಅವರು ಬಂದು ಗೋಡೆಗೆ ಒರಗಿ ಕೂತರು. ಸಿಸ್ಟರ್ ಅವರ ಪಕ್ಕ ಕೂತು ಮಣಿಕಟ್ಟು ಹಿಡಿದುಕೊಂಡರು.

ಮೂರು ಗಂಟೆಗೆ ರಕ್ತದ ಬಾಟಲಿ ಬಂತು. ಮೂರೂವರೆಗೆ ಬಿ.ಪಿ. ನೂರು ಮುಟ್ಟಿತು. ರಕ್ತಸ್ರಾವ ನಿಂತಿತ್ತು. ನಾನು ಉಸಿರು ಬಿಟ್ಟದ್ದು ಅವರಿಗೆ ಕೇಳಿಸಿರಬೇಕು.

"ಊರ ಬಾವಿ ತುಂಬಿದ್ದಕ್ಕೇ ಹಬ್ಬನಾ? ಬಾಟ್ಲಿ ನೋಡು."

ಮಂಚದ ಕೆಳಗೆ, ಮೂತ್ರದ ನಳಿಕೆಗೆ ಜೋಡಿಸಿದ ಗಾಜಿನ ಬಾಟಲಿ ಮಧ್ಯಾಹ್ನದಿಂದ ಖಾಲಿ ಇತ್ತು. ಮುಚ್ಚಿದ ಮೂತ್ರಪಿಂಡಕ್ಕೆ ರಕ್ತ ಮರಳಿದೆಯೋ ಇಲ್ಲವೋ ಎಂದು ಹೇಳಬಲ್ಲದ್ದು ಅದೊಂದೇ. ತುಂಬ ಹೊತ್ತು ರಕ್ತ ಕಾಣದಿದ್ದರೆ ಅದು ಮತ್ತೆ ತೆರೆಯದೆಯೂ ಇರಬಹುದು, ಆಗ ಬಿ.ಪಿ. ಸರಿಯಿದ್ದೂ ಓಬಮ್ಮ ಉಳಿಯುವುದಿಲ್ಲ. ಇದನ್ನು ಅವರು ಹೇಳಬೇಕಿರಲಿಲ್ಲ, ನನಗೆ ಪುಟಸಂಖ್ಯೆ ಸಮೇತ ಗೊತ್ತಿತ್ತು. ನೆಲದ ಮೇಲೆ ಕೂತೆ. ನಾಲ್ಕಾಯಿತು. ನಾಲ್ಕೂವರೆಯಾಯಿತು. ಏನು ಮಾಡುವುದೆಂದು ತೋಚದೆ ಅವಳ ಹೆಬ್ಬೆರಳನ್ನು ಅಂಗೈಯಲ್ಲಿ ಹಿಡಿದುಕೊಂಡೆ. ಯಾರೂ ಹೇಳದೆ ನಾನು ಒಬ್ಬರ ಮೈ ಮುಟ್ಟಿದ್ದು ಅದೇ ಮೊದಲಿರಬೇಕು. ಎಷ್ಟೋ ಹೊತ್ತಿನ ಮೇಲೆ ಬೆರಳು ಮೊದಲಿನಷ್ಟು ತಣ್ಣಗಿಲ್ಲ ಎನ್ನಿಸಿತು. ನನ್ನ ಅಂಗೈಯ ಬಿಸಿಯೇ ಇರಬಹುದೆಂದು ಕೈ ಬಿಟ್ಟು, ಕಾದು, ಮತ್ತೆ ಮುಟ್ಟಿದೆ. ಉಗುರು ಒತ್ತಿದೆ. ಒಂದು, ಎರಡು.

"ಸಿಸ್ಟರ್."

ಅವರು ಬಗ್ಗಿದರು. ನಳಿಕೆಯಲ್ಲಿ ಒಂದು ಹನಿ ತಡೆದು ನಿಂತಿತ್ತು. ಅದು ಬಿತ್ತು. ಇನ್ನೊಂದು ಬಿತ್ತು. ಐದು ಗಂಟೆಗೆ ಅಳೆಯುವ ಜಾಡಿಗೆ ಬಗ್ಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಮೂವತ್ತು ಎಂ.ಎಲ್., ಕಡು ಹಳದಿ.

"ಮುಟ್ಟಿತು" ಎಂದರು. "ತುದಿ ಗದ್ದೆಗೆ ಮುಟ್ಟಿತು."

"ಏನಾತ್ರಿ?" ಅತ್ತೆ ಗಾಬರಿಯಿಂದ ಎದ್ದರು.

"ನಿನ್ನ ಸೊಸೆ ಉಚ್ಚೆ ಹೊಯ್ದಳು ಕಣವ್ವಾ."

ಅತ್ತೆಗೆ ಏನು ಅರ್ಥವಾಯಿತೋ, ಸಿಸ್ಟರ್ ಮುಖ ನೋಡಿ, ಕಿಟಕಿಯ ಬೆಳಕಿನಲ್ಲಿದ್ದ ಆ ಜಾಡಿಗೇ ಎರಡೂ ಕೈ ಎತ್ತಿ ಮುಗಿದರು. ತಿಪ್ಪಮ್ಮ ಮತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಈ ಸಲ ನಗುವಿಗಲ್ಲ.

ಸಂಜೆ ರೋಗಿಯ ಹಾಳೆ ಎದುರಿಗಿಟ್ಟುಕೊಂಡು ಕೂತೆ. "ಸ್ಥಿತಿ ತೃಪ್ತಿಕರ" ಎಂಬುದರ ಮೇಲೆ ಗೆರೆ ಎಳೆಯಲು ಪೆನ್ನು ಎತ್ತಿದಾಗ ಹಿಂದಿನಿಂದ ಅವರ ದನಿ ಬಂತು. "ಹೊಡೆದು ಹಾಕಬ್ಯಾಡ. ಕೆಳಗೆ ಬರಿ." ಬರೆದೆ. ಬೈಗುಳಕ್ಕಾಗಿ ಕಾದೆ. ಅವರು ನನ್ನ ಮಣಿಕಟ್ಟು ಹಿಡಿದು, ಎಣಿಸಿ, "ಊಟ ಮಾಡಿಲ್ಲ ನೀನು" ಎಂದು ತಮ್ಮ ರೊಟ್ಟಿಯ ಡಬ್ಬಿ ಮುಂದಿಟ್ಟು ಹೋದರು. ಮರುದಿನದಿಂದ ಬಾಣಂತಿಯರ ಕಡೆಯವರಿಗೆಲ್ಲ ಒಂದು ಮುಚ್ಚಳದ ಬಕೆಟ್ಟು ಸಿಗುತ್ತಿತ್ತು. ಬಟ್ಟೆ ಅದರೊಳಗೇ ಇರಬೇಕು, ಯಾರ ಕಣ್ಣಿಗೂ ಬೀಳುವುದಿಲ್ಲ, ಸಿಸ್ಟರ್ ನೋಡಿದ ಮೇಲೆಯೇ ಒಗೆಯುವ ಕಲ್ಲಿಗೆ. ಅತ್ತೆಯರ ಮರ್ಯಾದೆ ಉಳಿಯಿತು, ಲೆಕ್ಕವೂ ತಪ್ಪಲಿಲ್ಲ.

ನಾನೀಗ ಒಂದು ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಶಾಕ್‌ನ ಪಾಠಕ್ಕೆ ಬಂದಾಗ ಪುಸ್ತಕದ ಮೂರು ಹಂತಗಳನ್ನೂ ಹೇಳುತ್ತೇನೆ, ನೀರುಗಂಟಿಯನ್ನೂ ಹೇಳುತ್ತೇನೆ. ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಅಡ್ರಿನಲಿನ್ ಬದಲು ನೀರುಗಂಟಿ ಎಂದೇ ಬರೆದಿದ್ದಳು. ಅಂಕ ಕಳೆಯಲು ಮನಸ್ಸಾಗಲಿಲ್ಲ.

ಅವರ ಬೀಳ್ಕೊಡುಗೆ, ಅವರು ಕೊನೆಗೆ ಕೆಲಸದಲ್ಲಿದ್ದ ಚನ್ನಗಿರಿಯಲ್ಲಿ ನಡೆಯಿತು. ಶಾಮಿಯಾನದ ಕೆಳಗೆ ಭಾಷಣಗಳಾದವು, ಅವರು ಕುರ್ಚಿಯಲ್ಲಿ ಮುಜುಗರದಿಂದ ಕೂತಿದ್ದರು. ಹಾರ ಹಾಕುವವರ ಸಾಲಿನಲ್ಲಿ ನಾನೂ ನಿಂತೆ. ಹೇಳಬೇಕೆಂದು ಬರೆದುಕೊಂಡು ಹೋಗಿದ್ದ ನಾಲ್ಕು ಮಾತು ನನ್ನ ಸರದಿ ಬರುವಷ್ಟರಲ್ಲಿ ಮರೆತುಹೋಗಿತ್ತು. ಹಾರ ಹಾಕಿ, ಎಂದಿನಂತೆ ನೆಟ್ಟಗೆ ನಿಂತು, "ಚೆನ್ನಾಗಿದ್ದೀರಾ ಸಿಸ್ಟರ್?" ಎಂದೆ. ನನ್ನ ಮುಖದಲ್ಲಿ ಏನೂ ಕಾಣಿಸಿರಲಾರದು. ಆ ವಿಷಯದಲ್ಲಿ ನಾನು ಜಾಣೆ.

ಅವರು ನನ್ನ ಮಣಿಕಟ್ಟು ಹಿಡಿದರು.

"ಏನೇ ಡಿಗ್ರಿಯಮ್ಮಾ, ಇಷ್ಟು ಓಡ್ತಾ ಐತೆ. ಎಲ್ಲಿ ಸೋರ್ತಾ ಐತೆ?"

"ಏನಿಲ್ಲ ಸಿಸ್ಟರ್. ಬಸ್ಸಿಳಿದು ಬೇಗ ಬೇಗ ನಡೆದು ಬಂದೆ."

ಅವರು ನಂಬಲಿಲ್ಲ. ನನ್ನ ಹಿಂದೆ ಹಾರ ಹಿಡಿದವರ ಸಾಲು ಗೇಟಿನ ತನಕ ನಿಂತಿತ್ತು. ಅವರು ಪೂರ್ತಿ ಒಂದು ನಿಮಿಷ ಎಣಿಸಿದರು.